ಬಿಸಿಲಿನ ದಿನದ ನೀರು

ಕ್ರಮ ಹೀಗಿತ್ತು: ಗುರುವಾರ ದಿನವಿಡೀ ಮಳೆ ಸುರಿಯಿತು, ಶುಕ್ರವಾರ ಬೆಳಿಗ್ಗೆ ಮೋಡ ಸರಿದು ಬಿಸಿಲು ಬಿತ್ತು, ಶನಿವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂರುವ ಹೊತ್ತಿಗೆ ಸರಿಯಾಗಿ, ನೆಲಮಾಳಿಗೆಯಲ್ಲಿ ನೀರು ಕಾಣಿಸಿಕೊಂಡಿತು. ಮೊದಲು ಮಳೆ, ಆಮೇಲೆ ಬಿಸಿಲು, ಕೊನೆಗೆ ನೀರು. ಹಿಂದಿನ ವಾರವೂ ಇದೇ ಕ್ರಮ, ಅದರ ಹಿಂದಿನ ವಾರವೂ ಇದೇ. ಬೀದಿಯ ಚರಂಡಿ ತುಂಬಿ ಹರಿಯುವಾಗ ಕೆಳಗಿನ ಕಲ್ಲುಚಪ್ಪಡಿಗಳ ಮೇಲೆ ಕಾಲುಚೀಲ ಹಾಕಿಕೊಂಡು ಓಡಾಡಬಹುದಿತ್ತು. ಮಳೆ ನಿಂತು, ನೆರೆಹೊರೆಯವರು ಬಟ್ಟೆ ಒಣಹಾಕಲು ಹಗ್ಗ ಕಟ್ಟುವಾಗ, ಈ ಮನೆಯವರು ಬಕೆಟ್ಟು ಹುಡುಕಬೇಕಾಗುತ್ತಿತ್ತು.

ಈ ಕ್ರಮವನ್ನು ಮೊದಲು ಗಮನಿಸಿದವನು ಮನೆಯ ಅಳಿಯ. ಮದುವೆಯಾಗಿ ಅತ್ತೆಯ ಮನೆಗೇ ಬಂದು ನೆಲೆಸಿ ಇನ್ನೂ ವರ್ಷ ತುಂಬಿರಲಿಲ್ಲ. ಅವನ ಕೆಲಸ ಕನ್ನಡಕದ ಅಂಗಡಿಯಲ್ಲಿ: ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜುವುದು, ಮುಂಬದಿಯಲ್ಲಿ ಗಿರಾಕಿಗಳ ಕಣ್ಣಿಗೆ ಗಾಜು ಹೊಂದಿಸುವುದು. ಒಂದು ಗಾಜನ್ನಿಟ್ಟು “ಇದು ಸ್ಪಷ್ಟವೋ?” ಎಂದು ಕೇಳಬೇಕು, ಅದನ್ನು ತೆಗೆದು ಇನ್ನೊಂದನ್ನಿಟ್ಟು “ಅಥವಾ ಇದೋ?” ಎನ್ನಬೇಕು. ಒಂದು ಸಲಕ್ಕೆ ಒಂದೇ ಗಾಜು ಬದಲಾಗಬೇಕು, ಉಳಿದದ್ದೆಲ್ಲ ಇದ್ದಂತೆಯೇ ಇರಬೇಕು. ಈ ನಿಯಮ ಅವನಿಗೆ ಎಷ್ಟು ರೂಢಿಯಾಗಿತ್ತೆಂದರೆ, ಸಾರಿಗೆ ಉಪ್ಪು ಕಡಿಮೆಯಾದರೂ ಮೊದಲು ಅರ್ಧ ಚಿಟಿಕೆ ಹಾಕಿ, ರುಚಿ ನೋಡಿ, ಆಮೇಲೆ ಉಳಿದರ್ಧ ಹಾಕುತ್ತಿದ್ದ. ಅವನ ಭಾವ, ಅಂದರೆ ಹೆಂಡತಿಯ ಅಣ್ಣ, ಅವನನ್ನು ಕರೆಯುತ್ತಿದ್ದದ್ದೇ “ಕನ್ನಡಕದವರೇ” ಎಂದು.

ಆ ಶನಿವಾರ ಊಟದ ಮೇಜಿನಲ್ಲಿ ಆ ಭಾವನೇ ತೀರ್ಪು ಕೊಟ್ಟ. ಬಸ್ ಡಿಪೋದಲ್ಲಿ ವೇಳಾಪಟ್ಟಿ ನೋಡಿಕೊಳ್ಳುವವನು. ಹೊರಡುವ ಸಮಯ ಗೊತ್ತುಮಾಡದೆ ಅವನ ಮನಸ್ಸಿನಲ್ಲಿ ಯಾವ ಯೋಚನೆಯೂ ಹೊರಡುತ್ತಿರಲಿಲ್ಲ.

“ಸಾಕು ಅಮ್ಮ, ಇನ್ನು ಸಾಕು. ಮೇಸ್ತ್ರಿ ಹತ್ತಿರ ಮಾತಾಡಿದೀನಿ. ಬರೋ ಸೋಮವಾರ ಅಲ್ಲ, ಅದರ ಮುಂದಿನ ಸೋಮವಾರ ಬೆಳಿಗ್ಗೆ ಲಾರಿ ಬರುತ್ತೆ. ಜಲ್ಲಿಕಲ್ಲು ತುಂಬಿ, ಮೇಲೆ ಕಾಂಕ್ರೀಟು ಹಾಕಿ, ನೆಲಮಾಳಿಗೆ ಅನ್ನೋದನ್ನೇ ಮುಚ್ಚಿಬಿಡೋಣ. ನೀರು ನಿಲ್ಲೋಕೆ ಜಾಗ ಇದ್ರೆ ತಾನೇ ನಿಲ್ಲೋದು?”

ಮಾತು ಮುಗಿಯುತ್ತಿದ್ದಂತೆ ಎಲ್ಲರ ಕಣ್ಣೂ ಅಳಿಯನ ಹೆಂಡತಿಯ ಕಡೆ ತಿರುಗಿತು. ಅವಳು ಅನ್ನ ಕಲಸುತ್ತಲೇ ಇದ್ದಳು.

ನೆಲಮಾಳಿಗೆ ಅವಳ ಕಾರ್ಖಾನೆ. ಅವಳು ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದಳು. ಹರಿದ ಶಬ್ದಕೋಶಗಳು, ಬೆನ್ನು ಮುರಿದ ಭೂಪಟ ಪುಸ್ತಕಗಳು, ಹಾಳೆ ಉದುರುವ ಹಳೆಯ ಕಾನೂನು ಗ್ರಂಥಗಳು, ಎಲ್ಲವೂ ಊರಿನ ಗ್ರಂಥಾಲಯದಿಂದ ಅವಳ ಕೈಗೆ ಬಂದು ಗಟ್ಟಿಯಾಗಿ ಮರಳುತ್ತಿದ್ದವು. ನಡುವೆ ಅಜ್ಜನ ಕಾಲದ ಕಬ್ಬಿಣದ ಒತ್ತುಯಂತ್ರ ನಿಂತಿತ್ತು. ಮನೆ ಕಟ್ಟುವಾಗ, ಮೇಲಿನ ನೆಲ ಹಾಸುವ ಮೊದಲೇ, ಅಜ್ಜ ಅದನ್ನು ಹಗ್ಗ ಕಟ್ಟಿ ಇಳಿಸಿದ್ದರಂತೆ. ಆಮೇಲೆ ಬಂದ ಮೆಟ್ಟಿಲು ಒಬ್ಬರು ಅಡ್ಡ ತಿರುಗಿ ಇಳಿಯುವಷ್ಟು ಇಕ್ಕಟ್ಟು. ನೆಲಮಾಳಿಗೆ ಮುಚ್ಚಿದರೆ ಒತ್ತುಯಂತ್ರವೂ ಅಲ್ಲೇ ಹೂತುಹೋಗಬೇಕು, ಅದರೊಂದಿಗೆ ಅವಳ ಕಸುಬೂ.

“ಅಣ್ಣ,” ಎಂದಳು ಅವಳು ಕೊನೆಗೆ, “ನನ್ನನ್ನೂ ಕೆಳಗೇ ಕೂರಿಸಿ ಮುಚ್ಚಿಬಿಡು. ಎರಡು ಕೆಲಸ ಒಂದೇ ಲಾರೀಲಿ ಆಗುತ್ತೆ.”

“ನೋಡಮ್ಮ ಇವಳ ಬಾಯಿ! ಮನೆ ಗೋಡೆ ಕುಸಿದ್ರೆ ನಿನ್ನ ಪುಸ್ತಕ ಅಡ್ಡ ಹಿಡಿದು ನಿಲ್ಲಿಸ್ತೀಯಾ?”

ಅತ್ತೆ ನಡುವೆ ಬಾಯಿ ಹಾಕಿದರು. “ಹೋದ ವರ್ಷದವರೆಗೂ ಒಂದು ಹನಿ ಬರ್ತಿರ್ಲಿಲ್ಲ ಕಣೋ. ಈ ಸಲ ಮಳೆಗಾಲದಲ್ಲೇ ಶುರುವಾಗಿದ್ದು.”

“ಹೋದ ವರ್ಷ ಕನ್ನಡಕದವರು ಇರ್ಲಿಲ್ವಲ್ಲ,” ಎಂದ ಭಾವ, ಹಪ್ಪಳ ಮುರಿಯುತ್ತ. “ಕಾಲ್ಗುಣ!”

ನಗು ಎದ್ದಿತು. ಅಳಿಯನೂ ನಕ್ಕ. ಆದರೆ ಕೈ ತೊಳೆಯುವಾಗ ಹೆಂಡತಿಯ ಪಕ್ಕ ನಿಂತು ಮೆಲ್ಲಗೆ ಹೇಳಿದ: “ಲಾರಿ ಬರೋದರೊಳಗೆ ನಾನು ಕಂಡುಹಿಡೀತೀನಿ.”

“ನೀವು ಗಾಜಿನವರು, ಇದು ನೀರು.”

“ಎರಡರಲ್ಲೂ ಆಚೆಗೆ ಕಾಣುತ್ತೆ.”

“ಈ ನೀರಲ್ಲಿ ಏನೂ ಕಾಣ್ತಿಲ್ಲವಲ್ಲ, ಅದೇ ತೊಂದರೆ,” ಎಂದು ಅವಳು ಟವೆಲು ಅವನ ಭುಜಕ್ಕೆ ಹಾಕಿ ಕೆಳಗಿಳಿದುಹೋದಳು. ಗ್ರಂಥಾಲಯದ ಭೂಪಟಗಳನ್ನು ಎತ್ತರದ ಕಪಾಟಿಗೆ ಏರಿಸಬೇಕಿತ್ತು.

ಅಳಿಯ ನೆಲಮಾಳಿಗೆಯನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದ್ದು ಅಂದು ಸಂಜೆ. ಅದರ ರಚನೆ ಸರಳವಾಗಿತ್ತು. ನೆಲವನ್ನು ಒಂದು ಮೂಲೆಗೆ ತುಸು ಇಳಿಜಾರಾಗಿ ಹಾಸಿದ್ದರು. ಗೋಡೆಯ ಬುಡದಲ್ಲಿ ಅಂಗೈ ಅಗಲದ ಕಾಲುವೆ. ಕಾಲುವೆ ಹೋಗಿ ಸೇರುವುದು ಆ ಮೂಲೆಯ ಗುಂಡಿಗೆ. ಮನೆ ಗುಡ್ಡದ ಇಳಿಜಾರಿನಲ್ಲಿದ್ದುದರಿಂದ ಗುಂಡಿಯ ತಳದಲ್ಲಿ ಒಂದಿಷ್ಟು ನೀರು ಸದಾ ಜಿನುಗುತ್ತಿತ್ತು. ಆ ಸಾಲಿನ ಮನೆಗಳಿಗೆಲ್ಲ ಅದು ಹುಟ್ಟುಗುಣ. ನೀರು ಒಂದು ಮಟ್ಟಕ್ಕೇರಿದ ಕೂಡಲೇ ಗುಂಡಿಯೊಳಗಿನ ಪಂಪು ತಾನಾಗಿಯೇ ಗುರ್ ಎಂದು ಎದ್ದು, ನೀರನ್ನು ಕೊಳವೆಯೊಳಗೆ ತಳ್ಳುತ್ತಿತ್ತು. ಆ ಕೊಳವೆಯನ್ನು ತೀರಿಹೋದ ಮಾವ ತಾವೇ ನಿಂತು ಬೀದಿಯ ಚರಂಡಿಯವರೆಗೆ ಹಾಕಿಸಿದ್ದರೆಂದು ಎಲ್ಲರೂ ಹೇಳುತ್ತಿದ್ದರು. ಕೊಳವೆ ಮಾತ್ರ ಮೂಲೆಯಲ್ಲಿ ಪೇರಿಸಿದ್ದ ಹಳೆಯ ಪೀಪಾಯಿಗಳ ಹಿಂದೆ ಗೋಡೆಯೊಳಗೆ ಹೊಕ್ಕು ಮಾಯವಾಗುತ್ತಿತ್ತು.

ಪಂಪು ಚೆನ್ನಾಗಿತ್ತು. ಗುಂಡಿ ತುಂಬಿರಲಿಲ್ಲ. ಆದರೂ ಹಿಂಬದಿಯ ಗೋಡೆಯ ಕಡೆಯಿಂದ ತೆಳುವಾದ ನೀರಿನ ಪದರವೊಂದು ಚಪ್ಪಡಿಗಳ ಮೇಲೆ ಹರಿದು ಬರುತ್ತಿತ್ತು. ಅಂದರೆ ಎಲ್ಲೋ ಮನೆಯ ನೀರೇ ಸೋರುತ್ತಿದೆ ಎಂದು ಅವನು ತರ್ಕಿಸಿದ. ಮಳೆಯ ನೀರಾಗಿದ್ದರೆ ಮಳೆ ಬರುವಾಗ ಬರಬೇಕಿತ್ತಲ್ಲ? ಮನೆಯಲ್ಲಿ ನೀರು ಹರಿಯುವ ಜಾಗ ಎರಡು: ಅಡುಗೆಮನೆ ಮತ್ತು ಬಚ್ಚಲು. ಒಂದು ಸಲಕ್ಕೆ ಒಂದು ಗಾಜು.

ಭಾನುವಾರ ಬೆಳಿಗ್ಗೆ ಅವನು ಅಡುಗೆಮನೆಯ ನಲ್ಲಿಯನ್ನು ಬಂದ್ ಮಾಡಿದ. ಪಾತ್ರೆಗಳು ಅಂಗಳಕ್ಕೆ ಹೋದವು. ಆ ದಿನವೇ ಮಳೆ ಮತ್ತೆ ಹಿಡಿಯಿತು. ಭಾವ ರಬ್ಬರ್ ಬೂಟು ಹಾಕಿಕೊಂಡು, ಕೊಡೆ ಕುತ್ತಿಗೆಗೆ ಸಿಕ್ಕಿಸಿಕೊಂಡು ಬಾಣಲೆ ಉಜ್ಜಿದ. ಸೋಮವಾರವೂ ಮಳೆ. ಕೆಳಗೆ ಹೋಗಿ ನೋಡಿದರೆ ನೆಲ ಒಣಗಿತ್ತು! ಅಳಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದು ಘೋಷಿಸಿದ: “ಅಡುಗೆಮನೆಯದೇ!”

ಹೆಂಡತಿ ಭೂಪಟಗಳನ್ನು ಕಪಾಟಿನಿಂದ ಇಳಿಸಿದಳು. ಅತ್ತೆ ಅಳಿಯನ ತಟ್ಟೆಗೆ ತುಪ್ಪ ಬಡಿಸಿದರು. ಭಾವ ಕೂಡ, ತುಸು ತಡೆದು, “ಸರಿ, ನಲ್ಲಿಯವನನ್ನ ಕರೆಸೋಣ” ಎಂದ.

ಮಂಗಳವಾರ ಬಿಸಿಲು ಬಂತು. ಬುಧವಾರ ಮಧ್ಯಾಹ್ನ ನೆಲಮಾಳಿಗೆಯಲ್ಲಿ ನೀರು. ಅಡುಗೆಮನೆಯ ನಲ್ಲಿ ಇನ್ನೂ ಬಂದ್ ಆಗಿಯೇ ಇತ್ತು.

“ತುಪ್ಪ ವಾಪಸ್ ಕೊಡಿ,” ಎಂದ ಭಾವ.

ಅಳಿಯನಿಗೆ ನಗು ಬರಲಿಲ್ಲ. ಅಂಗಡಿಯಲ್ಲಿ ಅಂದು ಅವನು ಒಬ್ಬ ಅಜ್ಜಿಯ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಹಾಕಿ, “ಇದು ಸ್ಪಷ್ಟವೋ?” ಎಂದು ಕೇಳಿದ. ಅಜ್ಜಿ “ನಿನಗೇ ಸ್ಪಷ್ಟ ಇಲ್ಲಪ್ಪ” ಎಂದು ಎದ್ದುಹೋದರು. ತಲೆ ಕೆಟ್ಟು ಮನೆಗೆ ಬಂದವನು ಬಚ್ಚಲಿನ ನೀರನ್ನೂ ನಿಲ್ಲಿಸಿದ. ಅಂದು ಸಂಜೆ ಎಲ್ಲರೂ ಒಂದೊಂದು ಚೊಂಬು ನೀರಿನಲ್ಲಿ ಮುಖ ತೊಳೆದರು. ಡಿಪೋದ ಧೂಳು ಮೆತ್ತಿಕೊಂಡು ಬಂದ ಭಾವ ಕನ್ನಡಿಯ ಮುಂದೆ ನಿಂತು, “ಗುಡ್ಡ ಅಗೆದು ಇಲಿ ಹಿಡಿಯೋದು ಕೇಳಿದ್ದೆ, ಇವರು ಇಲಿಗೋಸ್ಕರ ನನ್ನನ್ನೇ ಗುಡ್ಡ ಮಾಡ್ತಿದಾರೆ” ಎಂದು ಕಿವಿಯಿಂದ ಮಣ್ಣು ತೆಗೆದ.

ಗುರುವಾರ ಬೆಳಿಗ್ಗೆಯೂ ಬಿಸಿಲು. ಕೆಳಗೆ ನೀರು ಕಡಿಮೆಯಾಗಿರಲಿಲ್ಲ; ಹೆಚ್ಚಾಗಿತ್ತು.

ಅಳಿಯ ಮೆಟ್ಟಿಲ ಮೇಲೆ ಕೂತ. ಆಕಾಶದಿಂದ ಬರುತ್ತಿಲ್ಲ, ಅಡುಗೆಮನೆಯಿಂದ ಬರುತ್ತಿಲ್ಲ, ಬಚ್ಚಲಿನಿಂದಲೂ ಇಲ್ಲ. ಹಾಗಾದರೆ ಎಲ್ಲಿಂದ? ಪಂಪು ಒಂದು ಕಡೆ ಗುರುಗುಟ್ಟುತ್ತ ನೀರನ್ನು ಹೊರಗೆ ಹಾಕುತ್ತಲೇ ಇತ್ತು. ಇನ್ನೊಂದು ಕಡೆ ನೀರು ಒಳಗೆ ಬರುತ್ತಲೇ ಇತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅವನ ಕಣ್ಣೆದುರು ಒತ್ತುಯಂತ್ರದ ನಾಲ್ಕು ಕಾಲುಗಳೂ ನೀರಿನಲ್ಲಿದ್ದವು. ಹೆಂಡತಿ ಅವುಗಳ ಸುತ್ತ ಮೇಣಬಟ್ಟೆ ಸುತ್ತಿದ್ದಳು, ಶೀತವಾದ ಮಗುವಿಗೆ ಕಾಲುಚೀಲ ಹಾಕಿದಂತೆ.

ಅವಳು ಅಂಟಿನ ಡಬ್ಬಿ ಹಿಡಿದು ಅವನ ಪಕ್ಕದಲ್ಲೇ ಕೂತಳು. ಡಬ್ಬಿಯ ಮೇಲೆ ಬೂಸಿನ ಹಸಿರು ಕಲೆಗಳಿದ್ದವು.

“ಬಿಟ್ಟುಬಿಡಿ. ಅಣ್ಣ ಹೇಳಿದ ಹಾಗೇ ಆಗ್ಲಿ. ಬೇರೆ ಏನಾದ್ರೂ ಕೆಲಸ ಕಲಿತೀನಿ.”

“ಏನು ಕಲಿತೀಯ?”

“ನಿಮ್ಮ ಅಂಗಡೀಲಿ ಗಾಜು ಒರೆಸ್ತೀನಿ.”

ಅವಳು ನಗಲು ನೋಡಿದಳು. ಬಾಯಿ ನಕ್ಕಿತು, ಕಣ್ಣು ನಗಲಿಲ್ಲ. ಅವನು ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು ಕೆಳಗಿಟ್ಟ. ಪಂಪು ಮತ್ತೆ ಗುರ್ ಎಂದಿತು.

“ಎಲ್ಲಿಂದ ಬರುತ್ತೆ, ಎಲ್ಲಿಂದ ಬರುತ್ತೆ ಅಂತ ಬಡ್ಕೊಂಡಿದ್ದಾಯ್ತು,” ಎಂದಳು ಅವಳು ಬೇಸರದಿಂದ. “ಎಲ್ಲಿಗೆ ಹೋಗುತ್ತೆ ಅಂತಾದ್ರೂ ಯಾರಿಗಾದ್ರೂ ಗೊತ್ತಾ?”

“ಬೀದಿ ಚರಂಡಿಗೆ. ಮಾವನವರು ಹಾಕಿಸಿದ ಕೊಳವೆ.”

“ನೀವು ನೋಡಿದೀರಾ?”

ಅವನು ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ಪಂಪು ರೋಗವಲ್ಲ, ಮದ್ದು. ಮದ್ದನ್ನು ಯಾರು ಅನುಮಾನಿಸುತ್ತಾರೆ? ಅವನು ಬದಲಾಯಿಸಿ ನೋಡದೆ ಉಳಿಸಿದ್ದ ಗಾಜು ಅದೊಂದೇ. ಕೊಳವೆ ಎಲ್ಲಾದರೂ ಕಟ್ಟಿಕೊಂಡಿದ್ದರೆ? ನೀರು ದಾರಿಯಲ್ಲೇ ಒಡೆದು ಗೋಡೆಯೊಳಗೆ ಸುರಿಯುತ್ತಿದ್ದರೆ?

ಅವಳ ಕಪಾಟಿನಲ್ಲಿ ಪುಸ್ತಕದ ಹಾಳೆಗಳ ಅಂಚಿಗೆ ಬಳಿಯುವ ನೀಲಿ ಬಣ್ಣವಿತ್ತು. ಒಂದು ಚಮಚ ಬಿದ್ದರೆ ಒಂದು ಹಂಡೆ ನೀರು ನೀಲಿಯಾಗುವಷ್ಟು ಗಾಢ. ಅವನು ಹೊರಗೆ ಹೋಗಿ ಬೀದಿಯ ಚರಂಡಿಯ ಬಳಿ ಕುಕ್ಕರಗಾಲಲ್ಲಿ ಕೂತ. ಅವಳು ಕೆಳಗೆ ಗುಂಡಿಗೆ ಇಡೀ ಸೀಸೆ ಸುರಿದು, ನೆಲಮಟ್ಟದ ಕಿಟಕಿಯಿಂದ “ಹಾಕಿದೆ!” ಎಂದು ಕೂಗಿದಳು.

ಅವನು ಚರಂಡಿಯ ನೀರನ್ನೇ ನೋಡುತ್ತ ಕಾದ. ಬೂದು ನೀರು ಹೋಯಿತು. ಒಣ ಎಲೆ ಹೋಯಿತು. ಯಾರೋ ಎಸೆದ ಬಸ್ ಟಿಕೆಟ್ಟು ಹೋಯಿತು. ನೀಲಿ ಬರಲಿಲ್ಲ. ಪಂಪು ಎದ್ದು ಮಲಗಿ, ಎದ್ದು ಮಲಗಿದ ಸದ್ದು ಕಿಟಕಿಯಿಂದ ಕೇಳುತ್ತಿತ್ತು. ನೀಲಿ ಮಾತ್ರ ಬರಲಿಲ್ಲ.

ಡಿಪೋದಿಂದ ಊಟಕ್ಕೆ ಬಂದ ಭಾವ ಅವನ ಹಿಂದೆ ನಿಂತು ತಾನೂ ಬಗ್ಗಿ ನೋಡಿದ. “ಏನು ಬೀಳ್ಸಿದ್ರಿ?”

“ಏನೂ ಇಲ್ಲ. ನೀಲಿ ನೀರು ಬರುತ್ತಾ ಅಂತ ನೋಡ್ತಿದೀನಿ.”

ಭಾವ ಒಂದು ಗಳಿಗೆ ಅವನ ಮುಖ ನೋಡಿ, ಅವನ ಹಣೆಯ ಮೇಲೆ ಕೈಯಿಟ್ಟು, ಒಳಗೆ ಹೋದ.

ಗುಂಡಿಗೆ ಹಾಕಿದ ನೀಲಿ ಗುಂಡಿಯಲ್ಲಿ ಉಳಿದಿರಲಿಲ್ಲ. ಪಂಪು ಅದನ್ನು ಎತ್ತಿ ಎಲ್ಲಿಗೋ ಸಾಗಿಸಿತ್ತು. ಚರಂಡಿಗೂ ಅದು ಬಂದಿರಲಿಲ್ಲ. ಒಂದು ಸೀಸೆ ಬಣ್ಣ ಮನೆಗೂ ಬೀದಿಗೂ ನಡುವೆ ಆವಿಯಾದ ಹಾಗೆ ಮಾಯವಾಗಿತ್ತು. ಮೊದಲು ಅವನಿಗೆ ಒಂದೇ ಪ್ರಶ್ನೆಯಿತ್ತು, ಈಗ ಎರಡಾದವು. ನೀರು ಎಲ್ಲಿಂದ ಬರುತ್ತದೆಂದೂ ತಿಳಿಯದು, ಎಲ್ಲಿಗೆ ಹೋಗುತ್ತದೆಂದೂ ತಿಳಿಯದು. ಲಾರಿ ಬರುವುದು ಮಾತ್ರ ತಿಳಿದಿತ್ತು.

ಶುಕ್ರವಾರ ಬೆಳಿಗ್ಗೆ ಹೆಂಡತಿ ಕೆಳಗಿನಿಂದ ಕೂಗಿದ ಕೂಗಿಗೆ ಮನೆಯವರೆಲ್ಲ ಮೆಟ್ಟಿಲಿನಲ್ಲಿ ಒಬ್ಬರ ಹಿಂದೊಬ್ಬರು ಅಡ್ಡಡ್ಡವಾಗಿ ಇಳಿದರು.

ಹಿಂಬದಿಯ ಗೋಡೆಯಲ್ಲಿ, ನೆಲದಿಂದ ಮೊಣಕಾಲೆತ್ತರದ ಕಲ್ಲುಸಂದಿಯಿಂದ, ತೆಳು ನೀಲಿ ನೀರು ಜಿನುಗಿ ಇಳಿಯುತ್ತಿತ್ತು.

“ಗುಂಡಿ ಉಕ್ಕಿದೆ,” ಎಂದ ಭಾವ.

“ಗುಂಡಿ ಆ ಮೂಲೇಲಿದೆ. ಇದು ಈ ಗೋಡೆ. ನೀರು ಮೇಲಿಂದ ಕೆಳಗೆ ಬರ್ತಿದೆ, ಕೆಳಗಿಂದ ಮೇಲೆ ಹೋಗ್ತಿಲ್ಲ,” ಎಂದ ಅಳಿಯ. ತನ್ನ ಮಾತು ತನಗೇ ಅರ್ಥವಾಗಲಿಲ್ಲ. ನಿನ್ನೆ ಹೊರಗೆ ಕಳಿಸಿದ್ದು ಇಂದು ಗೋಡೆಯಿಂದ ಒಳಗೆ ಬಂದಿದೆ. ಮುಂಬಾಗಿಲಿನಿಂದ ಬೀಳ್ಕೊಟ್ಟ ನೆಂಟ ಹಿತ್ತಿಲ ಬಾಗಿಲಿನಿಂದ ಬಂದು ಮತ್ತೆ ಎಲೆ ಮುಂದೆ ಕೂತಂತಾಗಿತ್ತು.

ಅವನು ಮೆಟ್ಟಿಲು ಹತ್ತಿ, ಮನೆಯನ್ನು ಸುತ್ತಿ, ಅದೇ ಗೋಡೆಯ ಹೊರಮೈಗೆ ಬಂದ. ಅಲ್ಲಿ ಅತ್ತೆಯ ಗುಲಾಬಿಯ ಪಾತಿ. ಗೋಡೆಗೆ ಒತ್ತಿಕೊಂಡೇ ಇದ್ದ ಆ ಪಾತಿ ಬೀದಿಗೆಲ್ಲ ಹೆಸರಾಗಿತ್ತು. ಬಿಸಿಲಿಗೆ ನೆರೆಮನೆಯ ಗಿಡಗಳು ತಲೆ ಜೋಲಿಸಿದರೂ ಇವು ಮದುವಣಗಿತ್ತಿಯರ ಹಾಗೆ ನಗುತ್ತಿದ್ದವು. ಅವನು ಮುಳ್ಳು ತಾಗಿಸಿಕೊಂಡು ಎಲೆ ಸರಿಸಿದ. ಎರಡು ಬುಡಗಳ ನಡುವೆ ಒಂದು ರಬ್ಬರ್ ಕೊಳವೆಯ ಬಾಯಿ ಕಾಣಿಸಿತು. ಸುತ್ತಲಿನ ಮಣ್ಣು ನೀಲಿಯಾಗಿತ್ತು.

ಅಷ್ಟರಲ್ಲಿ ಒಳಗೆ ಪಂಪು ಗುರ್ ಎಂದಿತು. ಕೊಳವೆ ಒಮ್ಮೆ ಕೆಮ್ಮಿ, ಪಾತಿಗೆ ನೀರು ಸುರಿಯತೊಡಗಿತು.

ಅತ್ತೆ ಸೆರಗಿನಲ್ಲಿ ಕೈ ಒರೆಸುತ್ತ ಹಿಂದೆಯೇ ಬಂದಿದ್ದರು. “ಅಯ್ಯೋ ಅಳಿಯಂದ್ರೇ, ಮುಳ್ಳು!”

“ಅತ್ತೆ, ಇದು ಏನು?”

“ಪಂಪಿನ ಕೊಳವೆ ಅಲ್ವಾ?”

“ಪಂಪಿನ ಕೊಳವೆ ಬೀದಿಗೆ ಹೋಗ್ತಿತ್ತಲ್ಲ?”

“ಹೋಗ್ತಿತ್ತು. ನಿಮ್ಮ ಮದುವೆ ಮುಂಚೆ ಬೀದಿಗೆ ಹೊಸ ಟಾರು ಹಾಕಿ ಎತ್ತರ ಮಾಡಿದ್ರು ನೋಡಿ, ಆಗ ಕೊಳವೆ ಬಾಯಿ ಒಳಗೇ ಹೂತುಹೋಯ್ತು. ನಲ್ಲಿಯವನು ಬೀದಿ ಅಗೀಬೇಕು ಅಂದ. ಮದುವೆ ಮನೆ ಮುಂದೆ ಹೊಂಡ ತೋಡಿಸ್ತಾರಾ ಯಾರಾದ್ರೂ? ಹಿಂದುಗಡೆ ರಬ್ಬರ್ ಕೊಳವೆ ಸಿಕ್ಕಿಸಪ್ಪ, ಗಿಡಕ್ಕಾದ್ರೂ ಆಗುತ್ತೆ ಅಂದೆ. ಆಮೇಲೆ ಮದುವೆ ಗಡಿಬಿಡೀಲಿ ಹೇಳೋದೇ ಮರ್ತೆ.”

ಅಳಿಯ ಕೈಯಲ್ಲಿ ಕೊಳವೆ ಹಿಡಿದೇ ನಿಂತಿದ್ದ. ಒಂದು ಗಂಟು ಬಿಚ್ಚಿತು. ಆದರೆ ಇನ್ನೊಂದು ಹಾಗೆಯೇ ಉಳಿದಿತ್ತು. “ಹಾಗಾದ್ರೆ ಮಳೆ ಬರುವಾಗ ಯಾಕೆ ನೆಲ ಒಣಗಿರುತ್ತೆ? ಆಗಲೂ ಪಂಪು ಓಡುತ್ತಲ್ಲ?”

“ಮಳೆ ಬರುವಾಗ ಕೊಳವೆ ಇಲ್ಲಿ ಎಲ್ಲಿರುತ್ತೆ?” ಅತ್ತೆಗೆ ಅವನ ಪ್ರಶ್ನೆಯೇ ವಿಚಿತ್ರವೆನಿಸಿತು. “ಆಗ ಎತ್ತಿ ಆ ಕೆಳಗಡೆ ಇಳಿಜಾರಿಗೆ ಎಸೀತೀನಿ. ಮಳೆ ಬರುವಾಗ ಗಿಡಕ್ಕೆ ನೀರು ಹಾಕೋಕೆ ನನಗೇನು ಹುಚ್ಚಾ? ಬುಡ ಕೊಳೆಯಲ್ವಾ? ಬಿಸಿಲು ಬಂದ ಮೇಲೆ ಮತ್ತೆ ತಂದು ಇಡ್ತೀನಿ.”

ಹಿಂಬದಿಯ ಕಿಟಕಿಯಲ್ಲಿ ಹೆಂಡತಿಯ ಮುಖ ಕಾಣಿಸಿತು; ಅದರ ಮೇಲೆ ಭಾವನ ಮುಖ.

“ಅಮ್ಮ!” ಎಂದಳು ಅವಳು. “ಇಷ್ಟು ದಿನ ನಾವು ತಲೆ ಚಚ್ಚಿಕೊಳ್ತಿದ್ರೆ ಬಾಯಿ ಬಿಡಬಾರದಿತ್ತಾ?”

“ನೀವೆಲ್ಲ ಕೇಳ್ತಿದ್ದದ್ದು ನೀರು ಎಲ್ಲಿಂದ ಬರುತ್ತೆ ಅಂತ. ಅದು ನನಗೇನು ಗೊತ್ತು? ಎಲ್ಲಿಗೆ ಹೋಗುತ್ತೆ ಅಂತ ಕೇಳಿದ್ರೆ ಅವತ್ತೇ ಹೇಳ್ತಿದ್ದೆ.”

ಭಾವ ನಂಬಲಿಲ್ಲ. “ಮಳೆ ನೀರೂ ಇದೇ ಪಾತಿಗೆ ಬೀಳುತ್ತಲ್ಲ? ಅದು ಒಳಗೆ ಬರ್ದೆ, ಕೊಳವೆ ನೀರು ಮಾತ್ರ ಬರುತ್ತಾ? ಅದೇನು ಬೇರೆ ಜಾತಿ ನೀರಾ? ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು!”

ಅಳಿಯ ಪಾತಿಯ ಮುಂದೆ ಕೂತು ಗೇಣು ಹಾಕಿ ಅಳೆದ. ಪಾತಿ ಅಗಲದಲ್ಲಿ ಒಂದು ಗೇಣು ಹೆಚ್ಚೂಕಡಿಮೆ; ಇಡೀ ದಿನ ಸುರಿದರೂ ಅದರ ಪಾಲಿಗೆ ಬರುವ ಮಳೆ ಕೆಲವೇ ಕೊಡ, ಅದೂ ಉದ್ದಕ್ಕೂ ಹರಡಿ. ಕೊಳವೆಯಾದರೋ ಒಂದೇ ಜಾಗಕ್ಕೆ, ಗೋಡೆಯ ಬುಡಕ್ಕೇ, ಹಂಡೆಗಟ್ಟಲೆ ಸುರಿಯುತ್ತದೆ. ಇಷ್ಟನ್ನು ಅವನು ಬೆರಳಿನಿಂದ ಮಣ್ಣಿನಲ್ಲಿ ಗೆರೆ ಎಳೆದು ವಿವರಿಸಿದ. ಭಾವ ಗೆರೆಗಳನ್ನು ನೋಡಿ, “ಬಾಯಲ್ಲಿ ಎಲ್ಲಾ ಸರಿಹೋಗುತ್ತೆ. ಅಡುಗೆಮನೆ ಲೆಕ್ಕವೂ ಸರಿಯಾಗೇ ಇತ್ತು. ಲಾರಿ ಸೋಮವಾರವೇ ಬರುತ್ತೆ” ಎಂದ.

ಅದು ನ್ಯಾಯವೇ ಎಂದು ಅಳಿಯನಿಗೂ ಅನಿಸಿತು. ಅವನು ಅಡುಗೆಮನೆಯ ನಲ್ಲಿ ಬಿಟ್ಟ, ಬಚ್ಚಲಿನ ನೀರು ಬಿಟ್ಟ. ಎಲ್ಲವೂ ಮೊದಲಿನಂತೆಯೇ ಇರಬೇಕು. ಬದಲಾಗಬೇಕಾದದ್ದು ಒಂದೇ ಗಾಜು. ರಬ್ಬರ್ ಕೊಳವೆಯನ್ನು ಪಾತಿಯಿಂದ ಎಳೆದು, ಬಿಸಿಲಿದ್ದರೂ, ಮನೆಯಿಂದ ದೂರದ ಇಳಿಜಾರಿಗೆ ಇಳಿಬಿಟ್ಟು, ಅಲುಗದಂತೆ ಎರಡು ಕಲ್ಲು ಹೇರಿದ. ಅತ್ತೆ ಗುಲಾಬಿಗಳ ಕಡೆ ನೋಡಿ ಒಮ್ಮೆ ಲೊಚಗುಟ್ಟಿದರು; ಆಮೇಲೆ ಒಂದು ಚೊಂಬು ತಂದು ಕೈಯಿಂದಲೇ ಬುಡಕ್ಕಿಷ್ಟು ಹನಿಸಿದರು.

ಈಗ ಬೇಕಾಗಿದ್ದುದು ಬಿಸಿಲು. ಮಳೆ ಬಂದರೆ ನೆಲ ಹೇಗೂ ಒಣಗುತ್ತದೆ, ಏನೂ ಸಾಬೀತಾಗುವುದಿಲ್ಲ. ಲೋಕದ ಎಲ್ಲ ನೆಲಮಾಳಿಗೆಯವರೂ ಹೆದರುವ ಮಳೆಗೆ ಗಂಡ ಹೆಂಡತಿ ಇಬ್ಬರೂ ತದ್ವಿರುದ್ಧ ಕಾರಣಕ್ಕೆ ಹೆದರಿ, ಕಿಟಕಿಯಿಂದ ಮೋಡ ನೋಡುತ್ತ ಕೂತರು. ಶನಿವಾರ ಬಿಸಿಲು. ಗೋಡೆಯ ಸಂದಿಯಿಂದ ನೀಲಿ ಇನ್ನೂ ಜಿನುಗುತ್ತಿತ್ತು. ಸಂಜೆಗೆ ಅದು ಹನಿಯಾಗಿ ಇಳಿಯಿತು. ಭಾನುವಾರವೂ ಬಿಸಿಲು. ಪಂಪು ಅಪರೂಪಕ್ಕೊಮ್ಮೆ ಎದ್ದು, ಒಂದು ಗುಟುಕು ಎತ್ತಿ, ಮಲಗುತ್ತಿತ್ತು. ಹೆಂಡತಿ ಒತ್ತುಯಂತ್ರದ ಕಾಲುಗಳ ಮೇಣಬಟ್ಟೆಯನ್ನು ಬಿಚ್ಚಿದಳು. ಅಳಿಯ ಬೇಡವೆನ್ನಲು ಬಾಯಿ ತೆರೆದವನು, ಅವಳ ಮುಖ ನೋಡಿ ಬಟ್ಟೆಯ ಇನ್ನೊಂದು ತುದಿ ಹಿಡಿದ.

ಸೋಮವಾರ ಬೆಳಿಗ್ಗೆ ಲಾರಿ ಬಂದು ಬಾಗಿಲಲ್ಲಿ ನಿಂತಿತು. ಭಾವ ಗಡಿಯಾರ ನೋಡಿಕೊಂಡು, “ಐದು ನಿಮಿಷ ತಡ” ಎಂದು ಮೇಸ್ತ್ರಿಯನ್ನು ಕರೆದುಕೊಂಡು ಕೆಳಗಿಳಿದ. ಹಿಂಬದಿಯ ಗೋಡೆಯ ಮುಂದೆ ನಿಂತು ಬೂಟು ಕಳಚಿದ. ಕಾಲುಚೀಲವನ್ನೂ ಕಳಚಿ, ಬರಿಗಾಲನ್ನು ಚಪ್ಪಡಿಯ ಮೇಲೆ ಒತ್ತಿ, ಎತ್ತಿ, ಪಾದವನ್ನು ತಿರುಗಿಸಿ ನೋಡಿದ. ಪಾದಕ್ಕೆ ಅಂಟಿದ್ದು ಒಣ ಧೂಳು, ತುಸು ನೀಲಿ ಬಣ್ಣದ್ದು.

“ಕಲ್ಲು ಇಳಿಸಲಾ ಸಾರ್?” ಎಂದು ಮೆಟ್ಟಿಲ ಮೇಲಿನಿಂದ ಲಾರಿಯವನು ಕೂಗಿದ.

ಭಾವ ತಂಗಿಯ ಕಡೆ ನೋಡಿದ. ಅವಳು ಒತ್ತುಯಂತ್ರದ ಹಿಡಿಯ ಮೇಲೆ ಎರಡೂ ಕೈಯಿಟ್ಟು ನಿಂತಿದ್ದಳು.

“ಬೇಡ, ವಾಪಸ್ ತಗೊಂಡು ಹೋಗು,” ಎಂದ ಅವನು, ಕಾಲುಚೀಲವನ್ನು ತಿರುವಿ ಹಾಕಿಕೊಳ್ಳುತ್ತ.

ಮೇಸ್ತ್ರಿಗೆ ತಲೆಬುಡ ತಿಳಿಯಲಿಲ್ಲ. “ನೀರು ನೀರು ಅಂದ್ರಲ್ಲ, ಯಜಮಾನ್ರೇ? ಮತ್ತೆ ಅದು ಎಲ್ಲಿಂದ ಬರ್ತಿತ್ತು?”

ಭಾವ ಕಾಲುಚೀಲದಿಂದ ತಲೆ ಎತ್ತದೆಯೇ, “ಕನ್ನಡಕದವರನ್ನ ಕೇಳಿ,” ಎಂದ.

“ನಾವು ಹೊರಗೆ ಹಾಕ್ತಿದ್ದ ನೀರೇ,” ಎಂದ ಅಳಿಯ, “ಒಳಗೆ ಬರ್ತಿತ್ತು.”